ಕೊನೆಯ ತೂಬಿನಿಂದ ಎಣಿಸಿದ ವರ್ಷ

ಹೋದ ತಿಂಗಳು ಗಂಗಾವತಿ ಹತ್ತಿರದ ಶ್ರೀರಾಮನಗರಕ್ಕೆ ಒಂದು ಮದುವೆಗೆ ಹೋಗಿದ್ದೆ. ಬಸ್ಸು ಕಾಲುವೆಯ ಸೇತುವೆಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ಕಿಟಕಿಯಿಂದ ಒಂದು ವಾಸನೆ ಬಂತು. ತಿಂಗಳುಗಟ್ಟಲೆ ಒಣಗಿ ಬಿರುಕು ಬಿಟ್ಟ ಕೆಸರಿನ ಮೇಲೆ ಹೊಸ ನೀರು ಹರಿದಾಗ ಏಳುವ ವಾಸನೆ ಅದು. ಮೊದಲ ಮಳೆಯ ಮಣ್ಣಿನ ವಾಸನೆಗೂ ಇದಕ್ಕೂ ಬಹಳ ಫರಕು. ಇದರಲ್ಲಿ ಸ್ವಲ್ಪ ಮೀನು, ಸ್ವಲ್ಪ ಕೊಳೆತ ಹುಲ್ಲು, ಸ್ವಲ್ಪ ತುಕ್ಕು ಹಿಡಿದ ಕಬ್ಬಿಣ ಸೇರಿರುತ್ತದೆ. ಪಕ್ಕದ ಸೀಟಿನವರು ಮೂಗು ಮುಚ್ಚಿಕೊಂಡರು. ನಾನು ಮಾತ್ರ ಮುಖವನ್ನು ಕಿಟಕಿಯ ಹೊರಗೆ ಹಾಕಿ ಕುಳಿತೆ. ಎಂಬತ್ತೆಂಟನೆಯ ಇಸವಿಯ ಬೇಸಿಗೆ, ಅದರ ಬೆನ್ನಿಗೆ ಬಂದ ಕಾಲುವೆಯ ನೀರು, ಆ ನಾಲ್ಕು ತಿಂಗಳು ನನ್ನನ್ನು ಸಾಕಿದ ಜನ, ಎಲ್ಲ ಒಮ್ಮೆಗೇ ಬಂದು ಎದುರಿಗೆ ನಿಂತವು.

ನನ್ನೂರು ತಳಕಲ್. ಯಲಬುರ್ಗಾ ಕಡೆಯ ಕರಿ ಎರೆಯ ಹೊಲಗಳು ನಮ್ಮವು. ಅಲ್ಲಿ ನೀರೆಂದರೆ ಮೇಲಿನಿಂದ ಬೀಳಬೇಕು. ಬಿದ್ದರೆ ಜೋಳ, ಬೀಳದಿದ್ದರೆ ಇಲ್ಲ. ಒಬ್ಬರ ಹೊಲಕ್ಕೆ ಬಂದ ನೀರು ಇನ್ನೊಬ್ಬರ ಹೊಲಕ್ಕೆ ಯಾವ ದಿನ ಹೋಗಬೇಕು ಎಂದು ಕುಳಿತು ಲೆಕ್ಕ ಹಾಕುವುದು ನನಗೆ ಗೊತ್ತೇ ಇರಲಿಲ್ಲ. ಎಂಜಿನಿಯರಿಂಗ್ ಮುಗಿಸಿ ಮನೆಯಲ್ಲಿ ಕುಳಿತಿದ್ದಾಗ ಗಂಗಾವತಿಯ ಕಾಲುವೆ ಕಚೇರಿಯಿಂದ ಪತ್ರ ಬಂತು. ಅಲ್ಲಿ ಒಂದು ಯೋಜನೆಗಾಗಿ ಕಂಪ್ಯೂಟರ್ ತರಿಸಿದ್ದರು, ಅದನ್ನು ನಡೆಸಬಲ್ಲವರು ಬೇಕಾಗಿತ್ತು. ಅಪ್ಪ ನನ್ನನ್ನು ಕರೆದುಕೊಂಡು ಹೋಗಿ ಈರಮ್ಮ ಎಂಬವರ ಮನೆಯಲ್ಲಿ ಒಂದು ಕೋಣೆ ಹಿಡಿದುಕೊಟ್ಟ. ಈರಮ್ಮ ವಿಧವೆ. ಬೆಳಿಗ್ಗೆ ರೊಟ್ಟಿ ಬಡಿದು ಎಂಟು ಹತ್ತು ಮಂದಿ ನೌಕರರಿಗೆ ಬುತ್ತಿ ಕಟ್ಟಿ ಕಳಿಸುತ್ತಿದ್ದರು. ಮಧ್ಯಾಹ್ನ ಪಡಸಾಲೆಯ ನೆಲದ ಮೇಲೆ ಚೌಕಾಬಾರಾ ಹಾಸಿ ಓಣಿಯ ಹೆಂಗಸರನ್ನೆಲ್ಲ ಸೋಲಿಸುತ್ತಿದ್ದರು.

ನನಗೆ ವಹಿಸಿದ ಕೆಲಸ ಇಷ್ಟು. ಒಂದು ದೊಡ್ಡ ಕವಲು ಕಾಲುವೆ, ಅದರ ಉದ್ದಕ್ಕೂ ಒಂಬೈನೂರು ಚಿಲ್ಲರೆ ತೂಬುಗಳು. ಪ್ರತಿ ತೂಬಿನಿಂದ ಕೆಲವು ಹೊಲಗಳಿಗೆ ನೀರು ಹೋಗುತ್ತದೆ. ಬೆಳೆಯ ನಾಲ್ಕು ತಿಂಗಳಲ್ಲಿ ಯಾವ ತೂಬಿನ ಬಾಗಿಲು ಯಾವ ದಿನ ಎಷ್ಟು ಹೊತ್ತು ತೆರೆದಿರಬೇಕು ಎಂಬ ಸರದಿ ಪಟ್ಟಿಯನ್ನು ಕಂಪ್ಯೂಟರಿನಿಂದ ಮಾಡಿಸಬೇಕು. ಅಲ್ಲಿಯವರೆಗೆ ಪಟ್ಟಿ ಇರಲಿಲ್ಲವೆಂದಲ್ಲ, ಗೋಡೆಯ ಮೇಲೆ ತೂಗುಹಾಕಿದ್ದರು. ಅದನ್ನು ಯಾರೂ ನೋಡುತ್ತಿರಲಿಲ್ಲ ಅಷ್ಟೆ. ಮೇಲಿನ ತೂಬಿನವರು ಮೊದಲು ತಮ್ಮ ಹೊಲಗಳಿಗೆ ನೀರು ಕುಡಿಸುತ್ತಿದ್ದರು. ಕೊನೆಯ ತೂಬಿನವರು ದಂಡೆಯ ಮೇಲೆ ಕುಳಿತು ದಾರಿ ಕಾಯುತ್ತಿದ್ದರು.

ಕಚೇರಿಯ ಹಿರಿಯ ಎಂಜಿನಿಯರ್ ದೇಸಾಯರು ಮಾತು ಕಡಿಮೆಯ ಮನುಷ್ಯ. ಆ ವರ್ಷ ರೈತರ ಸಭೆಯಲ್ಲಿ ಎದ್ದು ನಿಂತು, ಈ ಸಾರಿ ಪ್ರತಿ ತೂಬಿಗೂ ಅದರ ದಿನವನ್ನು ಮೊದಲೇ ಹೇಳುತ್ತೇವೆ ಎಂದು ಮಾತು ಕೊಟ್ಟುಬಿಟ್ಟಿದ್ದರು. ಆ ಮಾತನ್ನು ಎಲ್ಲರಿಗಿಂತ ಹೆಚ್ಚು ನಂಬಿದವರು ಹುಸೇನಸಾಬರು. ಅವರು ಲಸ್ಕರ್. ಎಂದರೆ ಕಾಲುವೆಯ ಮೇಲೆ ನಡೆದು ತೂಬಿನ ಬಾಗಿಲುಗಳನ್ನು ಎತ್ತಿ ಇಳಿಸುವ ಕೆಲಸ. ಆ ಬೆಳೆ ಮುಗಿದರೆ ಅವರಿಗೆ ನಿವೃತ್ತಿ. ಎಪ್ರಿಲ್ ಬಿಸಿಲಿನಲ್ಲಿ ಸೈಕಲ್ ತುಳಿದು ತಮ್ಮ ಸರಹದ್ದಿನ ತೂಬುಗಳನ್ನಷ್ಟೇ ಅಲ್ಲ, ಉಳಿದ ಲಸ್ಕರರ ತೂಬುಗಳ ವಿವರವನ್ನೂ ಅವರೇ ಬರೆದು ತಂದರು. ಅವರು ಓದುತ್ತಿದ್ದರು, ನಾನು ಕೀಲಿಮಣೆಯ ಮೇಲೆ ಒತ್ತುತ್ತಿದ್ದೆ.

"ಮೇಡಮ್ಮಾರ, ಈ ತೂಬಿಗೆ ಹನ್ನೊಂದು ಎಕರೆ ಅಂತ ಕಾಗದದಾಗ ಐತ್ರಿ. ಖರೇ ನೋಡಿದ್ರ ಒಂಬತ್ತು. ಎರಡು ಎಕರೆ ದಿಬ್ಬ, ನೀರು ಏರಂಗಿಲ್ಲ."

"ಅದನ್ನೂ ಬರಕೊಂಡೀರೇನ್ರಿ?"

"ಬರಿಲಿಲ್ಲಂದ್ರ ಇದಕ್ಕ ಹೆಂಗ ಗೊತ್ತಾಗಬೇಕ್ರಿ?" ಎಂದು ಕಂಪ್ಯೂಟರಿನ ಕಡೆ ಗಲ್ಲ ಎತ್ತಿ ತೋರಿಸುತ್ತಿದ್ದರು.

ಜೂನ್ ಮೊದಲ ವಾರ ವಿವರಗಳೆಲ್ಲ ಸೇರಿದವು. ನಾನು ಬರೆದ ಪ್ರೋಗ್ರಾಮನ್ನು ಓಡಿಸಿದೆ. ಸಣ್ಣ ಲೆಕ್ಕಕ್ಕೆ, ಇಪ್ಪತ್ತು ತೂಬು ಕೊಟ್ಟಾಗ, ಅದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಉತ್ತರ ಕೊಟ್ಟಿತ್ತು. ಒಂಬೈನೂರು ಕೊಟ್ಟ ದಿನ ಕಂಪ್ಯೂಟರಿನ ಡಿಸ್ಕು ಕಟಕಟ ಎಂದು ಶುರುಮಾಡಿತು. ಹಲ್ಲು ಕಡಿಯುವಂಥ ಸದ್ದು. ಒಂದು ತಾಸಾಯಿತು, ಎರಡು ತಾಸಾಯಿತು, ಸದ್ದು ನಿಲ್ಲಲಿಲ್ಲ. ಲೆಕ್ಕವನ್ನು ಹತ್ತು ಸುತ್ತು ತಿದ್ದಬೇಕಾಗಿತ್ತು. ನಾಲ್ಕು ತಾಸಿಗೆ ಒಂದು ಸುತ್ತು ಮಾತ್ರ ಮುಗಿಯಿತು. ಅಷ್ಟರಲ್ಲಿ ಕರೆಂಟು ಹೋಯಿತು. ಮರುದಿನ ಮತ್ತೆ ಮೊದಲಿನಿಂದ. ಮತ್ತೆ ಕರೆಂಟು. ಹೀಗೆ ಒಂದು ವಾರ.

ಆಗಿನ ಕಂಪ್ಯೂಟರುಗಳ ನೆನಪು, ಎಂದರೆ ಮೆಮೊರಿ, ಎಷ್ಟು ಚಿಕ್ಕದಿತ್ತು ಎಂದು ಈಗಿನವರಿಗೆ ಹೇಳಿದರೆ ನಗುತ್ತಾರೆ. ನಮ್ಮದರಲ್ಲಿ ಎರಡು ಮೆಗಾಬೈಟು. ಅದರಲ್ಲಿ ಒಂದು ಪಾಲು ಕರ್ನಲ್ಲಿಗೇ ಬೇಕು. ಕರ್ನಲ್ ಎಂದರೆ ಯಂತ್ರದ ಕಾರ್ಯವ್ಯವಸ್ಥೆಯ ತಿರುಳು. ಯಾರಿಗೆ ಎಷ್ಟು ಜಾಗ, ಯಾರ ಸರದಿ ಯಾವಾಗ ಎಂದು ನೋಡಿಕೊಳ್ಳುವುದು ಅದೇ. ನನ್ನ ತೂಬುಗಳ ಕೋಷ್ಟಕ ಆ ನೆನಪಿನಲ್ಲಿ ಹಿಡಿಯುತ್ತಿರಲಿಲ್ಲ. ಹಿಡಿಯದಿದ್ದಾಗ ಕರ್ನಲ್ ಅದನ್ನು ಸಮಾನ ಅಳತೆಯ ಪುಟಗಳಾಗಿ ಮಾಡಿ, ಕೆಲವನ್ನು ನೆನಪಿನಲ್ಲಿಟ್ಟು ಉಳಿದವನ್ನು ಡಿಸ್ಕಿಗೆ ಕಳಿಸುತ್ತದೆ. ಹೊರಗಿರುವ ಪುಟ ಬೇಕಾದರೆ ಒಳಗಿನ ಒಂದನ್ನು ಹೊರಗೆ ಹಾಕಿ ಜಾಗ ಮಾಡಬೇಕು. ಯಾವುದನ್ನು ಹಾಕಬೇಕು? ಮುಂದೆ ಯಾವುದು ಬೇಕಾಗುತ್ತದೋ ಅದಕ್ಕೆ ತಿಳಿಯದು. ಹಿಂದೆ ಏನಾಯಿತು ಎನ್ನುವುದನ್ನಷ್ಟೇ ನೋಡಿ ಊಹಿಸಬೇಕು.

ಇದೆಲ್ಲ ನನಗೆ ಪಾಠದಲ್ಲಿ ಓದಿದಷ್ಟು ಗೊತ್ತಿತ್ತು. ಆದರೆ ಕಣ್ಣೆದುರು ಕಟಕಟ ಸದ್ದು ನಡೆಯುತ್ತಿದ್ದಾಗ ಬುದ್ಧಿ ಓಡಲಿಲ್ಲ. ದೇಸಾಯರು ಕೋಣೆಗೆ ಬಂದು ನಿಂತು, "ಏನಾಗೇತ್ರಿ?" ಎಂದು ಕೇಳಿದಾಗ, "ಯಂತ್ರ ಸಣ್ಣದೈತಿ ಸರ್, ಇದರ ಕೈಲೆ ಆಗೂದಿಲ್ಲ" ಎಂದೆ. ಇನ್ನಷ್ಟು ಮೆಮೊರಿ ಬೇಕೆಂದು ಕಂಪ್ಯೂಟರ್ ಕೊಟ್ಟವರಿಗೆ ಬರೆದೆವು. ಬರಲು ಮೂರು ತಿಂಗಳು ಎಂದು ಉತ್ತರ ಬಂತು. ಕಾಲುವೆಗೆ ನೀರು ಬಿಡಲು ಉಳಿದದ್ದು ಮೂರು ವಾರ.

"ಶನಿವಾರದ ತನಕ ನೋಡೋಣ್ರಿ," ಎಂದರು ದೇಸಾಯರು. "ಆಮ್ಯಾಲ ಹಳೇ ಪಟ್ಟಿನ ಟೈಪ್ ಮಾಡಸ್ತೀನಿ. ಇದನ್ನ ವಾಪಸ್ ಕಳಿಸೋದಕ್ಕೂ ಒಂದು ಪತ್ರ ಬರೀತೀನಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ಬಾಗಿಲ ಬಳಿ ಹುಸೇನಸಾಬರು ನಿಂತಿದ್ದರು. ಅವರು ಬರೆದು ತಂದ ವಹಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಹೋಗಿ ಸೈಕಲ್ಲಿನ ಗಾಲಿಗೆ ಗಾಳಿ ಹೊಡೆಯತೊಡಗಿದರು. ಗಾಲಿಯಲ್ಲಿ ಗಾಳಿ ಇದ್ದೇ ಇತ್ತು.

ಗುರುವಾರ ಬೆಳಿಗ್ಗೆಯಿಂದಲೇ ಕರೆಂಟಿರಲಿಲ್ಲ. ಕಚೇರಿಯಿಂದ ಮನೆಗೆ ಬಂದು ಪಡಸಾಲೆಯಲ್ಲಿ ಕುಳಿತೆ. ಈರಮ್ಮ ಬುತ್ತಿಯ ಡಬ್ಬಿ ತೊಳೆದು ಬೋರಲು ಹಾಕುತ್ತಿದ್ದರು.

"ಮಾರಿ ಯಾಕ ಸಪ್ಪಗ ಮಾಡಿ ತಂಗಿ? ಉಂಡಿಯಿಲ್ಲ?"

"ಊಟ ಬ್ಯಾಡ್ರಿ. ಲೆಕ್ಕ ಹರಿವಲ್ದು."

"ಕರೆಂಟಿಲ್ಲದ ಹರಿಯೂ ಲೆಕ್ಕ ಇದ್ರ ಹೇಳು, ನಾನೂ ಕುಂದರ್ತೀನಿ."

ತಮಾಷೆಗೆ ಅಂದ ಮಾತು. ನನಗೆ ಮಾತ್ರ, ಹೌದಲ್ಲ, ಕರ್ನಲ್ ಮಾಡುವುದನ್ನು ಕೈಯಿಂದಲೇ ಮಾಡಿ ನೋಡಬಹುದಲ್ಲ ಎನ್ನಿಸಿತು. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಎಂಟು ಚೀಟಿ ಮಾಡಿ ಒಂದರಿಂದ ಎಂಟು ಅಂಕಿ ಬರೆದೆ. ಅವು ಪುಟಗಳು, ಒಂದೊಂದು ತೂಬಿಗೆ ಒಂದೊಂದು. ನೆಲದ ಮೇಲೆ ಸೀಮೆಸುಣ್ಣದಿಂದ ದುಂಡಗೆ ಆರು ಮನೆ ಬರೆದೆ. ಅದು ನೆನಪು, ಎಂಟು ಪುಟಕ್ಕೆ ಆರೇ ಮನೆ. ಚೌಕಾಬಾರಾದ ಹುಣಸೆ ಬೀಜಗಳನ್ನು ಈರಮ್ಮನ ಕೈಗೆ ಕೊಟ್ಟು ನಿಯಮ ಹೇಳಿದೆ.

"ನೀವು ಕರ್ನಲ್. ನಾ ಒಂದು ಅಂಕಿ ಕರೀತೀನಿ. ಆ ಚೀಟಿ ಮನಿಯಾಗ ಇದ್ರ ಅದರ ಮ್ಯಾಲ ಒಂದು ಬೀಜ ಇಡ್ರಿ, ಅಂದ್ರ ಇದು ಈಗ ಬೇಕಾಗಿತ್ತು ಅಂತ ಗುರುತು. ಇಲ್ಲದಿದ್ರ ಹೊರಗಿಂದ ತಂದು ಕೂಡಸಬೇಕು, ಅದಕ್ಕೂ ಬೀಜ ಇಡಬೇಕು. ಮನಿ ಖಾಲಿ ಇಲ್ಲಂದ್ರ ಸುತ್ತಲೂ ನೋಡ್ಕೊಂತ ಹೋಗ್ರಿ. ಬೀಜ ಇದ್ದ ಚೀಟಿ ಸಿಕ್ರ ಬೀಜ ಅಷ್ಟ ತಗದು ಮುಂದ ಹೋಗ್ರಿ, ಅದಕ್ಕ ಇನ್ನೊಂದು ಅವಕಾಶ. ಬೀಜ ಇಲ್ಲದ ಚೀಟಿ ಸಿಕ್ಕಕೂಡ್ಲೆ ಅದನ್ನ ಹೊರಗ ಹಾಕ್ರಿ. ಮುಂದಿನ ಸಲ ಅಲ್ಲಿಂದ ಮುಂದಕ್ಕ ನೋಡಬೇಕು."

"ಅಂದ್ರ ಭಾಳ ಹೊತ್ತು ಯಾರೂ ಕೇಳದಿದ್ದದ್ದು ಹೊರಗ."

"ಹೌದ್ರಿ."

"ನ್ಯಾಯ ಐತಿ," ಎಂದು ಈರಮ್ಮ ಸೆರಗು ಸಿಕ್ಕಿಸಿ ಕುಳಿತರು.

ನಾನು ನನ್ನ ಪ್ರೋಗ್ರಾಮಿನಂತೆಯೇ ಕರೆದೆ. ಒಂದು, ಎರಡು, ಮೂರು. ಆರರವರೆಗೆ ಮನೆಗಳು ತುಂಬಿದವು. ಏಳು ಎಂದೆ. ಈರಮ್ಮ ಒಂದು ಸುತ್ತು ಎಲ್ಲ ಬೀಜ ತೆಗೆದು ಬಂದು ಒಂದನೆಯ ಚೀಟಿಯನ್ನು ಹೊರಗೆ ಹಾಕಿ ಏಳನ್ನು ಕೂಡಿಸಿದರು. ಎಂಟು ಎಂದೆ. ಎರಡನೆಯದು ಹೊರಗೆ ಹೋಯಿತು. ಮೊದಲ ದಿನದ ಲೆಕ್ಕ ಮುಗಿಯಿತು. ಎರಡನೆಯ ದಿನಕ್ಕೆ ಮತ್ತೆ ಒಂದು ಎಂದೆ. ಒಂದು ಹೊರಗಿತ್ತು. ಅದನ್ನು ತರಲು ಮೂರನ್ನು ಹಾಕಿದರು. ಎರಡು ಎಂದೆ. ನಾಲ್ಕನ್ನು ಹಾಕಿದರು. ಮೂರು ಎಂದೆ. ಈರಮ್ಮ ಕೈ ತಡೆದರು.

"ಏ ತಂಗಿ, ಮೂರನ್ನ ಈಗ ಅಷ್ಟ ಹೊರಗ ಹಾಕಿಸಿದಿ. ಈಗ ಅದನ್ನ ಕೇಳ್ತಿ. ನಾ ಯಾವುದು ಹಾಕ್ತೀನೋ ಅದನ್ನ ಕೇಳ್ತಿಯಲ್ಲ."

"ನಿಯಮದ ಪ್ರಕಾರ ಹಾಕ್ರಿ. ನೋಡೋಣ."

ಇನ್ನೂ ನಾಲ್ಕು ದಿನದ ಲೆಕ್ಕ ಆಡಿದೆವು. ಒಂದು ಸಲವೂ ನಾನು ಕೇಳಿದ ಚೀಟಿ ಒಳಗಿರಲಿಲ್ಲ. ಕೇಳಿದ್ದೆಲ್ಲ ಹೊರಗಿತ್ತು, ಹೊರಗೆ ಹಾಕಿದ್ದೆಲ್ಲ ಸ್ವಲ್ಪದರಲ್ಲೇ ಬೇಕಾಗುತ್ತಿತ್ತು. ಈರಮ್ಮನ ಕೈ ಒಳಗೂ ಹೊರಗೂ ಓಡಾಡಿ ಸೋತಿತು. ಅದೂ ಬರಿಯ ಚೀಟಿ. ಯಂತ್ರದಲ್ಲಾದರೆ, ಪುಟದಲ್ಲಿ ನಾನು ಏನಾದರೂ ತಿದ್ದಿದ್ದರೆ ಹೊರಗೆ ಹಾಕುವ ಮುನ್ನ ಅದನ್ನು ಡಿಸ್ಕಿನ ಮೇಲೆ ಬರೆಯಲೂ ಬೇಕು. ತಿದ್ದದ ಪುಟವಾದರೆ ಹಾಗೇ ಬಿಟ್ಟರಾಯಿತು, ಡಿಸ್ಕಿನಲ್ಲಿ ಪ್ರತಿ ಇದ್ದೇ ಇರುತ್ತದೆ. ನಾನೋ ಪ್ರತಿ ಪುಟವನ್ನೂ ತಿದ್ದುತ್ತಿದ್ದೆ. ಒಂದು ಅಂಕಿ ತಿದ್ದಲು ಒಂದು ಪುಟ ಬರೆದು ಇನ್ನೊಂದು ಪುಟ ಓದುವ ಶ್ರಮ. ಕಟಕಟ ಎನ್ನುತ್ತಿದ್ದದ್ದು ಅದೇ.

ಈರಮ್ಮ ಬೀಜಗಳನ್ನು ಕೆಳಗೆ ಇಟ್ಟರು. "ನಿನ್ನ ಕರ್ನಲ್ಲಂದು ಏನೂ ತಪ್ಪಿಲ್ಲ ಬಿಡು. ನೀನು ಒಂದು ಚೀಟಿ ಕರಸ್ತಿ, ಒಂದ ಒಂದು ಮಾತು ಕೇಳಿ ಕಳಸ್ತಿ. ಮತ್ತ ನಾಳಿಗೆ ಕರಸ್ತಿ. ಬಂದಾಗ ಎಲ್ಲಾ ಕೇಳಿ ಮುಗಿಸಿ ಕಳಸಬಾರದೇನ?"

ನಾನು ಸೀಮೆಸುಣ್ಣ ಹಿಡಿದುಕೊಂಡು ಹಾಗೇ ಕುಳಿತೆ. ನನ್ನ ಕೋಷ್ಟಕದಲ್ಲಿ ಒಂದು ತೂಬಿನ ನೂರಿಪ್ಪತ್ತು ದಿನಗಳೂ ಒಟ್ಟಿಗೆ, ಒಂದೇ ಪುಟದಲ್ಲಿ ಇದ್ದವು. ನಾನು ಮಾತ್ರ ಮೊದಲ ದಿನಕ್ಕೆ ಒಂಬೈನೂರು ತೂಬು, ಎರಡನೆಯ ದಿನಕ್ಕೆ ಮತ್ತೆ ಒಂಬೈನೂರು ತೂಬು ಎಂದು ಸುತ್ತುತ್ತಿದ್ದೆ. ಒಂದು ತೂಬನ್ನು ಹಿಡಿದು ಅದರ ಎಲ್ಲ ದಿನಗಳನ್ನೂ ಮುಗಿಸಿ ಮುಂದೆ ಹೋದರೆ ಒಂದು ಸುತ್ತಿನಲ್ಲಿ ಪ್ರತಿ ಪುಟ ಒಂದೇ ಸಲ ಒಳಗೆ ಬಂದರೆ ಸಾಕು. ದಿನದ ಒಟ್ಟು ನೀರು ಎಷ್ಟು ಉಳಿಯಿತು ಎಂಬ ಲೆಕ್ಕವನ್ನು ಬೇರೆ ಇಟ್ಟರಾಯಿತು, ಅದು ಸಣ್ಣದು. ಯಂತ್ರ ಸಣ್ಣದು ಎಂದು ನಾನು ಹೇಳಿದ್ದು ಸುಳ್ಳಲ್ಲ. ಆದರೆ ಕೆಲಸ ಕೆಡಿಸಿದ್ದು ನಾನು ಕೇಳುವ ರೀತಿ.

ಈರಮ್ಮನ ಕಾಲು ಮುಟ್ಟಬೇಕೆನ್ನಿಸಿತು. ಅವರು ಆಗಲೇ ಎದ್ದು ಒಲೆಯ ಕಡೆ ಹೋಗಿದ್ದರು. "ಈಗರೆ ಉಣ್ತಿಯಿಲ್ಲ?" ಎಂದು ಅಲ್ಲಿಂದಲೇ ಕೇಳಿದರು. ಉಂಡೆ. ಎರಡು ರೊಟ್ಟಿ, ಪುಂಡಿಪಲ್ಯೆ.

ಶುಕ್ರವಾರ ಬೆಳಿಗ್ಗೆ ದೇಸಾಯರ ಕೋಣೆಗೆ ಹೋಗುವುದಕ್ಕೆ ನನಗೆ ಧೈರ್ಯ ಸಾಲುತ್ತಿರಲಿಲ್ಲ. ಯಂತ್ರವೇ ಸರಿಯಿಲ್ಲ ಎಂದು ಕಚೇರಿಯವರೆಲ್ಲ ನಂಬಿದ್ದರು. ಸುಮ್ಮನೆ ತಿದ್ದಿ ಓಡಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ದೇಸಾಯರ ಮೇಜಿನ ಮೇಲೆ ಯಂತ್ರವನ್ನು ವಾಪಸು ಕಳಿಸುವ ಪತ್ರ ಟೈಪಾಗಿ ಸಹಿಗೆ ಕಾದಿತ್ತು.

"ಸರ್, ಯಂತ್ರದ ತಪ್ಪಲ್ಲ. ತಪ್ಪು ನಂದು."

ಅವರು ಕನ್ನಡಕ ತೆಗೆದರು. ನಾನು ಚೀಟಿಗಳ ಕಥೆ ಹೇಳಿದೆ. ಕೇಳಿ ಮುಗಿಸಿ, "ತಿದ್ದಾಕ ಎಷ್ಟು ಹೊತ್ತು ಬೇಕು?" ಎಂದರು.

"ಒಂದು ತಾಸು ಸರ್. ಆದರ ದಿನ ದಿನ ಹಂಚೂ ಬದಲಿ ತೂಬು ತೂಬಿಗೆ ಹಂಚಬೇಕಾಗ್ತೈತಿ."

ಕಾಲುವೆಯಲ್ಲಿ ಇಪ್ಪತ್ತು ವರ್ಷ ಕಳೆದ ಮನುಷ್ಯ. ನನಗೆ ಹೊಳೆಯದ್ದು ಅವರಿಗೆ ಕೂಡಲೇ ಹೊಳೆಯಿತು. "ಹಂಗಾರ ಮೊದಲು ಯಾವ ತೂಬು ಹಿಡೀತೀರೋ ಅದಕ್ಕ ಬೇಕಾದ ದಿನ ಸಿಗ್ತಾವ. ಉಳದವರು ಉಳದ ದಿನದಾಗ ಹೊಂದ್ಕೋಬೇಕು. ಹೌದಿಲ್ಲೋ?"

ಹೌದು. ನಾನು ಒಂದನೆಯ ತೂಬಿನಿಂದ ಶುರುಮಾಡುವವಳಿದ್ದೆ, ಅಂಕಿ ಒಂದರಿಂದ ಶುರುವಾಗುತ್ತದೆ ಎಂಬ ಒಂದೇ ಕಾರಣಕ್ಕೆ. ದೇಸಾಯರು ಗಂಟೆ ಒತ್ತಿ ಹುಸೇನಸಾಬರನ್ನು ಕರೆಸಿದರು.

"ಹುಸೇನಸಾಬ್, ತೂಬು ಎಲ್ಲಿಂದ ಎಣಸೋಣ?"

ಹುಸೇನಸಾಬರು ನನ್ನ ಮುಖ ನೋಡಿದರು, ಸಾಹೇಬರ ಮುಖ ನೋಡಿದರು. ಇಂಥ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ.

"ಕೊನೀ ಕಡಿಂದ ಬರ್ರಿ ಸಾಹೇಬ್ರ."

ಪತ್ರ ಮೇಜಿನ ಖಾನೆಯೊಳಗೆ ಹೋಯಿತು. ಹನ್ನೊಂದಕ್ಕೆ ಕರೆಂಟು ಬಂತು. ತಿದ್ದಿದ್ದು ಆರೇಳು ಸಾಲು. ಓಡಿಸಿದೆ. ಹುಸೇನಸಾಬರು ಕುರ್ಚಿಯ ಹಿಂದೆ ನಿಂತಿದ್ದರು. ಡಿಸ್ಕು ಒಮ್ಮೆ ಕುಟುಕಿತು, ಸುಮ್ಮನಾಯಿತು, ಮತ್ತೆ ಕುಟುಕಿತು, ಸುಮ್ಮನಾಯಿತು. ಒಂದು ವಾರ ಆ ಕೋಣೆಯಲ್ಲಿ ಕೇಳದಿದ್ದ ಫ್ಯಾನಿನ ಸದ್ದು ಕೇಳಿಸಿತು.

"ಸತ್ತತೇನ್ರಿ?" ಎಂದು ಅವರು ಮೆಲ್ಲಗೆ ಕೇಳಿದರು.

"ಇಲ್ರಿ. ಕೆಲಸ ಮಾಡಾಕತ್ತೈತಿ."

ಅರ್ಧ ತಾಸಿನೊಳಗೆ ಹತ್ತು ಸುತ್ತೂ ಮುಗಿದವು. ಅಚ್ಚಾಗಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಪ್ರಿಂಟರಿನಿಂದ ಕಾಗದ ಮಡಿಕೆ ಮಡಿಕೆಯಾಗಿ ಇಳಿಯುತ್ತಿದ್ದರೆ ಹುಸೇನಸಾಬರು ಅದು ನೆಲಕ್ಕೆ ತಾಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತರು. ಅದರ ಮೇಲಿದ್ದದ್ದು ಇಂಗ್ಲಿಷ್ ಅಕ್ಷರ. ಅವರಿಗೆ ಕನ್ನಡವೂ ಉರ್ದುವೂ ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಮುಂದಿನ ಎರಡು ದಿನ ನಾವಿಬ್ಬರೂ ಕುಳಿತು ಪ್ರತಿ ಸಾಲಿನ ಪಕ್ಕ ತೂಬಿನ ಹೆಸರು, ವಾರ, ದಿನಗಳನ್ನು ಕನ್ನಡದಲ್ಲಿ ಬರೆದೆವು. ಆ ಎರಡು ದಿನದಲ್ಲಿ ಯಾವಾಗಲೋ ಅವರು ನನ್ನನ್ನು ಮೇಡಮ್ಮಾರ ಎನ್ನುವುದನ್ನು ಬಿಟ್ಟು ಬೇಟಿ ಎನ್ನತೊಡಗಿದರು.

ಪಟ್ಟಿ ಹೊರಬಿದ್ದ ದಿನ ಮೊದಲ ತೂಬಿನ ಸುಬ್ಬಾರಾವ್ ಕಚೇರಿಗೆ ಬಂದರು. ಆಂಧ್ರದ ಕಡೆಯಿಂದ ಬಂದು ನೆಲೆಸಿ, ಮುಳ್ಳುಕಂಟಿ ಕಡಿದು ಗದ್ದೆ ಮಾಡಿದ ದೊಡ್ಡ ರೈತ.

"ನಮ್ಮ ಕಣ್ಣ ಮುಂದೆ ನೀರು ಹೋಗ್ತೈತಿ, ನಾವು ನೋಡ್ಕೊಂತ ಕುಂತಿರಬೇಕಾ ಸಾರ್? ಇದು ಯಾವ ಲೆಕ್ಕ?"

"ನಿಮ್ಮ ನೀರು ಕಡಿಮಿ ಆಗಿಲ್ರಿ," ಎಂದರು ದೇಸಾಯರು. "ದಿನ ಅಷ್ಟ ಮುಂದ ಹೋಗೇತಿ. ಎಂಟು ದಿನ. ಒಂದು ಬೆಳಿ ನೋಡ್ರಿ, ನಿಮ್ಮ ನೆಲ್ಲು ಒಣಗಿದ್ರ ನನ್ನ ಕೇಳ್ರಿ."

ಸುಬ್ಬಾರಾವ್ ನನ್ನನ್ನೊಮ್ಮೆ ದಿಟ್ಟಿಸಿ ನೋಡಿದರು. "ಈ ಹುಡುಗಿ ಮಾಡಿದ್ದಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು. ಅವರು ಸುಮ್ಮನಿರುವುದಿಲ್ಲ, ರಾಯಚೂರಿಗೋ ಬೆಂಗಳೂರಿಗೋ ಹೋಗಿ ಪಟ್ಟಿಯನ್ನು ನಿಲ್ಲಿಸುತ್ತಾರೆ ಎಂದು ಕಚೇರಿಯಲ್ಲಿ ಮಾತಾಡಿಕೊಂಡರು. ದೇಸಾಯರು ಪಟ್ಟಿಯ ಮೇಲೆ ತಮ್ಮ ಸಹಿ ಹಾಕಿ, ಹೆಸರನ್ನೂ ಬಿಡಿಸಿ ಬರೆದರು.

ಜುಲೈನಲ್ಲಿ ಕಾಲುವೆಗೆ ನೀರು ಬಂತು. ಕೊನೆಯ ತೂಬಿಗೆ ಪಟ್ಟಿಯಲ್ಲಿ ಬರೆದಿದ್ದದ್ದು ಗುರುವಾರ. ನಾನು ಹುಸೇನಸಾಬರ ಜೊತೆ ಹೋದೆ. ಅಲ್ಲಿ ಹನುಮವ್ವ ಎಂಬ ಹೆಂಗಸು ಸಸಿ ಮಡಿ ಹದ ಮಾಡಿ, ಬೀಜ ನೆನೆಹಾಕಿ ಮೊಳಕೆ ಬರಿಸಿ, ಚೀಲದ ಬಾಯಿ ಕಟ್ಟಿ ಬದುವಿನ ಮೇಲೆ ಕುಳಿತಿದ್ದಳು. ದಿನ ನಂಬಿ ನೆನೆಹಾಕಿದ ಬೀಜ. ನೀರು ಬರದಿದ್ದರೆ ಕೆಟ್ಟುಹೋಗುತ್ತದೆ. ಸಂಜೆಯವರೆಗೆ ಕಾದೆವು. ಬರಲಿಲ್ಲ. ದಾರಿಯಲ್ಲಿ ಎಲ್ಲೋ ಯಾರೋ ಬಾಗಿಲು ಎತ್ತಿದ್ದಾರೆ ಎಂದುಕೊಂಡೆ. ಸುಬ್ಬಾರಾವ್ ಎಂದೇ ಮನಸ್ಸು ಹೇಳಿತು. ಹುಸೇನಸಾಬರು ತಲೆ ಎತ್ತದೆ, "ನಾಳಿ ನೋಡೋಣವಾ" ಎಂದರು. ಹನುಮವ್ವ ಚೀಲದ ಮೇಲೆ ಕೊಡದ ನೀರು ಚಿಮುಕಿಸಿದಳು.

ಮರುದಿನ ಮಧ್ಯಾಹ್ನ ನೀರು ಬಂತು. ಮೊದಲು ಒಣ ಎಲೆ, ಕಸ, ನೊರೆ, ಅದರ ಹಿಂದೆ ಕೆಂಪು ನೀರು. ಒಂದು ದಿನ ತಡವಾಗಿತ್ತು. ಒಣಗಿದ ಕಾಲುವೆಯ ಬಿರುಕುಗಳು ಎಷ್ಟು ಕುಡಿಯುತ್ತವೆ ಎನ್ನುವುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಯಾರೂ ಬಾಗಿಲು ಎತ್ತಿರಲಿಲ್ಲ. ಹುಸೇನಸಾಬರು ತೂಬಿನ ಕೀಲಿ ತಿರುಗಿಸಿ ಬಾಗಿಲು ಎತ್ತಿದರು. ಹನುಮವ್ವ ಸೀರೆ ಎತ್ತಿ ಕಟ್ಟಿ ಮಡಿಗೆ ಇಳಿದಳು. ನೀರು ಅವಳ ಕಾಲು ಮುಟ್ಟಿದಾಗ ತಿರುಗಿ, "ಬಂತ್ರಿ ಯಪ್ಪಾ" ಎಂದಳು. ಅಷ್ಟೇ. ಹುಸೇನಸಾಬರು ದಂಡೆಯ ಮೇಲೆ ಕುಳಿತು ಬಹಳ ಹೊತ್ತು ನೀರನ್ನು ನೋಡಿದರು.

ನಾನು ಆ ಕೆಲಸದಲ್ಲಿ ಇನ್ನೊಂದು ವರ್ಷವಷ್ಟೇ ಇದ್ದೆ. ಯೋಜನೆ ಮುಗಿಯಿತು, ಯಂತ್ರ ಬೇರೆ ಊರಿಗೆ ಹೋಯಿತು. ನಾನು ಕಾಲೇಜಿನಲ್ಲಿ ಪಾಠ ಹೇಳಲು ಸೇರಿ, ಕರ್ನಲ್ಲು ಪುಟಗಳನ್ನು ಹೇಗೆ ಹೊರಗೆ ಹಾಕುತ್ತದೆ ಎಂಬುದನ್ನು ಮೂವತ್ತು ವರ್ಷ ಹುಡುಗರಿಗೆ ಕಲಿಸಿದೆ. ಈರಮ್ಮ, ಹುಸೇನಸಾಬರು, ದೇಸಾಯರು ಮೂವರೂ ಈಗಿಲ್ಲ. ಅವರಿಗೆ ಸರಿಯಾಗಿ ಉಪಕಾರ ಹೇಳಿದ ನೆನಪು ನನಗಿಲ್ಲ. ಇಪ್ಪತ್ನಾಲ್ಕರ ವಯಸ್ಸಿನಲ್ಲಿ ಅದೆಲ್ಲ ತನಗೆ ಬರಬೇಕಾದದ್ದೇ ಎಂದು ಅನ್ನಿಸಿರುತ್ತದೆ.

ಕೊನೆಯ ತೂಬಿಗೆ ನೀರು ಮುಟ್ಟಿದ ಆ ಶುಕ್ರವಾರ ಸಂಜೆ ದಂಡೆಯ ಮೇಲೆ ಸೈಕಲ್ ತಳ್ಳಿಕೊಂಡು ವಾಪಸು ಬರುತ್ತಿದ್ದೆವು. ಮೇಲಿನ ತೂಬುಗಳ ಬಾಗಿಲು ನೋಡಬೇಕಿದ್ದ ಹುಸೇನಸಾಬರನ್ನು ಹತ್ತಿಸಿಕೊಂಡು ಹೋಗಲು ಬಂದ ಕಚೇರಿಯ ಜೀಪು ನಮ್ಮಿಬ್ಬರನ್ನೂ ಸೈಕಲ್ಲನ್ನೂ ಮೇಲಿನ ತೂಬಿನವರೆಗೆ ತಂದು ಬಿಟ್ಟಿತು. ಒಂದನೆಯ ತೂಬಿನ ಹತ್ತಿರ ಸುಬ್ಬಾರಾವ್ ನಿಂತಿದ್ದರು. ಅವರ ಗದ್ದೆ ಇನ್ನೂ ಒಣಗಿತ್ತು. ಪಕ್ಕದಲ್ಲೇ ಕಾಲುವೆ ತುಂಬಿ ಹರಿಯುತ್ತಿತ್ತು. ತೂಬಿನ ಬಾಗಿಲು ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ನಾನು ಹೆದರಿ ಹುಸೇನಸಾಬರ ಹಿಂದೆ ಸರಿದೆ.

"ಕೊನೆಗೆ ಮುಟ್ಟಿತಾ?" ಎಂದು ಸುಬ್ಬಾರಾವ್ ಕೇಳಿದರು.

"ಮುಟ್ಟೇತ್ರಿ," ಎಂದರು ಹುಸೇನಸಾಬರು. "ಒಂದು ದಿನ ತಡ ಆತು."

ಸುಬ್ಬಾರಾವ್ ಕಾಲುವೆಯನ್ನು ನೋಡಿದರು, ತಮ್ಮ ಗದ್ದೆಯನ್ನು ನೋಡಿದರು. "ಹಂಗಾದರೆ ನಮ್ಮದೂ ಒಂದು ದಿನ ಮುಂದೆ ಹೋಗ್ತೈತಿ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಬಿಸಿಲಾಗ ಬಂದೀಯಮ್ಮಾ. ಮನೆ ಇಲ್ಲೇ ಐತಿ, ಮಜ್ಜಿಗೆ ಕುಡಿದು ಹೋಗು," ಎಂದರು.

ಹೋದೆವು. ಅವರ ಮನೆಯ ಕಟ್ಟೆಯ ಮೇಲೆ ಮೂವರೂ ಸಾಲಾಗಿ ಕುಳಿತು, ನೀರು ಇನ್ನೂ ಬಾರದ ಆ ಗದ್ದೆಯ ಕಡೆ ಮುಖ ಮಾಡಿ ಮಜ್ಜಿಗೆ ಕುಡಿದೆವು.